ಅವ್ವನ ಹಾಡು, ಬಂಡೆಯ ಅಕ್ಷರ

ಬಾದಾಮಿಯ ಅಗಸ್ತ್ಯತೀರ್ಥದ ಮೆಟ್ಟಿಲುಗಳ ಮೇಲೆ ಬೆಳಗಾದರೆ ಬಟ್ಟೆ ಒಗೆಯುವ ಸಪ್ಪಳ. ಅದೇ ಕೆರೆಯ ಬಡಗಣ ದಂಡೆಯಲ್ಲಿ, ಬೆಟ್ಟದ ಬುಡದಲ್ಲಿ, ಪುರಾತತ್ವ ಇಲಾಖೆಯ ಮ್ಯೂಸಿಯಂ. ಸುತ್ತಲಿನ ಶಿಲ್ಪಗಳನ್ನು ಕೂಡಿಡಲೆಂದು 1979ರಲ್ಲಿ ಶುರುವಾದ ಜಾಗ 1982ರಲ್ಲಿ ಮ್ಯೂಸಿಯಂ ಆಯಿತು. ಒಳಗೆ ಲಜ್ಜಾಗೌರಿಯಿದ್ದಾಳೆ, ಶಿಡ್ಲಫಡಿ ಗವಿಯ ಪ್ರತಿಕೃತಿಯಿದೆ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ಟಿಕೆಟ್ ಇಲ್ಲದಿದ್ದರೂ ಬಡವರ ಮನೆಯ ಮಕ್ಕಳು ತಾವಾಗಿಯೇ ಒಳಗೆ ಬರುವುದು ಕಷ್ಟ. ಬಾದಾಮಿ, ಹುನಗುಂದ ಭಾಗದ ಎಷ್ಟೋ ಕುಟುಂಬಗಳು ಮಳೆ ಕೈಕೊಟ್ಟ ವರ್ಷ ಗೋವಾ, ಮಂಗಳೂರು ಕಡೆ ದುಡಿಯಲು ಹೋಗುತ್ತವೆ. ಇಳಕಲ್ಲಿನ ಮಗ್ಗದ ಮನೆಗಳಲ್ಲಿ ಒಬ್ಬರು ನೇಯ್ದರೆ ಉಳಿದವರು ನೂಲು ಸುತ್ತಬೇಕು. ಇಂಥ ಮನೆಗಳಲ್ಲಿ ಮ್ಯೂಸಿಯಂ ಎಂದರೆ ಪ್ರವಾಸಿಗರ ಜಾಗ. ಯಾರಾದರೂ ಬಂದು ಕೈಹಿಡಿದು ಕರೆಯಬೇಕು.

ಕರೆದರೆ ತೋರಿಸಲು ಏನಿದೆ? ಬಾದಾಮಿಯ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನವನ್ನೇ ತೆಗೆದುಕೊಳ್ಳಿ. ಸುಮಾರು ಕ್ರಿ.ಶ. 700ರದ್ದು. ಕನ್ನಡದ ತ್ರಿಪದಿಗೆ ಸಿಕ್ಕಿರುವ ಅತಿ ಹಳೆಯ ಸಾಕ್ಷಿಗಳಲ್ಲಿ ಅದೂ ಒಂದು. ಬೀಸುಕಲ್ಲಿನ ಮುಂದೆ ಕುಳಿತು ಈ ಸೀಮೆಯ ಹೆಂಗಸರು ಹಾಡುತ್ತ ಬಂದದ್ದೂ ತ್ರಿಪದಿಯನ್ನೇ. ಶಾಲೆಯ ಮೆಟ್ಟಿಲು ಹತ್ತದ ಅವ್ವನ ಬಾಯಲ್ಲಿರುವ ಅದೇ ಛಂದಸ್ಸನ್ನು ಸಾವಿರದ ಮುನ್ನೂರು ವರ್ಷಗಳ ಹಿಂದೆ ಯಾರೋ ಕಲ್ಲಿನಲ್ಲಿ ಕೊರೆದಿದ್ದಾರೆ. ಮಗಳು ಅಕ್ಷರ ಗುರುತಿಸಲಿ, ಅವ್ವ ಹಾಡಲಿ. ಓದಿನ ಪಾಠ ಹೀಗೆ ಶುರುವಾದರೆ ಅವ್ವ ಮೂಲೆಯಲ್ಲಿ ನಿಂತು ನೋಡಬೇಕಾಗಿಲ್ಲ, ಆಕೆಯೇ ಗುರು.

ಚಿತ್ರದ ಪಾಠವೂ ಮನೆಯಲ್ಲೇ ಇದೆ. ಇಳಕಲ್ ಸೀರೆಯ ಮೇಲಿನ ಕಸೂತಿಯಲ್ಲಿ ಗೋಪುರ, ತೇರು, ಆನೆ, ತುಳಸಿಕಟ್ಟೆ ಇರುತ್ತವೆ. ಗವಂತಿ, ಮುರಗಿ, ನೇಗಿ, ಮೆಂತೆ ಎಂದು ಹೊಲಿಗೆಗೆ ನಾಲ್ಕು ಬಗೆ. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳದೆ, ಎಳೆ ಎಣಿಸಿಯೇ ಹೆಣೆಯುತ್ತಾರೆ. ಮಗ್ಗದಲ್ಲಿ ಸೆರಗಿನ ಹಾಸುನೂಲನ್ನು ಸೀರೆಯ ಮೈಯ ಹಾಸುನೂಲಿಗೆ ಒಂದೊಂದೇ ಎಳೆಯಾಗಿ ಕೊಂಡಿ ಹಾಕುವ ಕೆಲಸಕ್ಕೆ ಬೇಕಾದ ಲೆಕ್ಕ, ತಾಳ್ಮೆ ಯಾವ ಕಲಾಶಾಲೆಗೂ ಕಡಿಮೆಯಿಲ್ಲ. ಹುನಗುಂದ ತಾಲ್ಲೂಕಿನ ಐಹೊಳೆಯ ಮ್ಯೂಸಿಯಂನಲ್ಲಿ ಶಿಲ್ಪದ ಮುಂದೆ ನಿಂತ ಮಗು ತನ್ನ ಅವ್ವನ ಸೆರಗಿನ ಆನೆಯನ್ನು ಪಕ್ಕದಲ್ಲಿಟ್ಟು ನೋಡಿ, ಎರಡನ್ನೂ ಹಾಳೆಯ ಮೇಲೆ ಬರೆಯಬಹುದು.

ಮ್ಯೂಸಿಯಂ ತಾನೇ ಊರಿಗೆ ಹೋದ ಉದಾಹರಣೆ ದೂರದಲ್ಲೇನೂ ಇಲ್ಲ. ಮುಂಬೈನ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯ 2015ರಲ್ಲಿ ಬಸ್ಸೊಂದನ್ನೇ ಮ್ಯೂಸಿಯಂ ಮಾಡಿ ಶಾಲೆಗಳಿಗೆ ಕಳಿಸಿತು. ನಮ್ಮಲ್ಲೇ ‘ಕಲಿ ಕಲಿಸು’ ಯೋಜನೆಯಡಿ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸರ್ಕಾರಿ ಶಾಲೆಯ ಶಿಕ್ಷಕರಿಗೆ ನೆರವು ಕೊಟ್ಟು, ಊರಿನ ಕಲೆಯನ್ನು ತರಗತಿಗೆ ತರಿಸಿದೆ.

ಈ ಊರುಗಳಿರುವ ಬಾಗಲಕೋಟೆ ಜಿಲ್ಲೆಗೆ ಅಂಥ ಬಸ್ಸೂ ಬೇಕಿಲ್ಲ. ಊರಿಗೂ ಮ್ಯೂಸಿಯಂಗೂ ಕೊಂಡಿಯಾಗಲು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಇದ್ದೇ ಇವೆ. 2020ರ ನವೆಂಬರಿನಲ್ಲಿ ಶುರುವಾದ ‘ಓದುವ ಬೆಳಕು’ ಅಭಿಯಾನದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತವಾಯಿತು. ಈಗ ಅವಕ್ಕೆ ‘ಅರಿವು ಕೇಂದ್ರ’ ಎಂದು ಹೆಸರು. ಪುಸ್ತಕ ಒಂದು ಇಲಾಖೆಯ ಕೈಯಲ್ಲಿ, ಶಿಲ್ಪ ಇನ್ನೊಂದರ ಕೈಯಲ್ಲಿ, ಮಕ್ಕಳು ಮೂರನೆಯದರಲ್ಲಿ. ಮೂವರೂ ಒಂದು ಕಡೆ ಕುಳಿತು ಮಾತಾಡಿದರೆ ಹೊಸ ಕಟ್ಟಡದ ಖರ್ಚಿಲ್ಲದೆ ಮಕ್ಕಳನ್ನೂ ಮನೆಯವರನ್ನೂ ಮ್ಯೂಸಿಯಂಗೆ ಕರೆತರುವ ಕೆಲಸ ಆಗುತ್ತದೆ. ದುಡಿಯಲು ಹೋದ ಕುಟುಂಬಗಳು ಊರಿಗೆ ಮರಳುವ ಹಬ್ಬದ ದಿನಗಳನ್ನು ನೋಡಿ ದಿನ ಗೊತ್ತುಮಾಡಬೇಕು, ಅಷ್ಟೆ.

ಅರಿವು ಕೇಂದ್ರದ ಮೇಲ್ವಿಚಾರಕರು, ಶಾಲೆಯ ಮಾಸ್ತರರು, ಅಕ್ಕೋರು ಈ ವರ್ಷ ಒಮ್ಮೆಯಾದರೂ ಮಕ್ಕಳನ್ನು ಅವರ ಅವ್ವ, ಅಪ್ಪ, ಅಜ್ಜಿಯರ ಜೊತೆಗೆ ಬಾದಾಮಿಗೋ ಐಹೊಳೆಗೋ ಕರೆದುಕೊಂಡು ಬರಲಿ. ಶುಕ್ರವಾರ ಮಾತ್ರ ಬೇಡ, ಅಂದು ಎರಡೂ ಮ್ಯೂಸಿಯಂಗಳಿಗೆ ರಜೆ.