ಮರಳಿನ ಕೊಡ ತೆರೆಯ ಮೇಲೆ ಹೇಗಿದ್ದೀತು?

ಗುತ್ತಲ ದಾಟಿದ ಮೇಲೆ ದಾರಿಯ ಎರಡೂ ಬದಿಗೆ ಎರೆ ಹೊಲ. ಬಿಡಿಸಿ ಮುಗಿದ ಹತ್ತಿ ಕಟಿಗೆ, ಒಣಗಿ ನಿಂತ ಗೋವಿನಜೋಳದ ದಂಟು, ಅಲ್ಲೊಂದು ಇಲ್ಲೊಂದು ಕಣದಲ್ಲಿ ಹರವಿದ ಕೆಂಪು ಮೆಣಸಿನಕಾಯಿ. ವರದಾ ಹೊಳೆ ತುಂಗಭದ್ರೆಗೆ ಕೂಡುವಲ್ಲಿ ಗಳಗನಾಥ. ಊರಿಗೆ ಹೆಸರು ಕೊಟ್ಟ ಗಳಗೇಶ್ವರನ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು, ಹನ್ನೊಂದನೇ ಶತಮಾನದ ಕೆಲಸ. ಗರ್ಭಗುಡಿಯ ಅಡಿಪಾಯ ಮೆಟ್ಟಿಲುಮೆಟ್ಟಿಲಾಗಿ ಹೊರಚಾಚಿ ಪಿರಮಿಡ್ಡಿನ ಹಾಗೆ ನೆಲಕ್ಕಿಳಿದಿದೆ. ಸುತ್ತಲ ಸೀಮೆಯ ಬೇರೆ ಗುಡಿಗಳಲ್ಲಿ ಇಂಥದ್ದು ಕಾಣುವುದಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಆ ಮೆಟ್ಟಿಲುಗಳ ಅಂಚಿನಲ್ಲಿ ನೆರಳು ಗೆರೆಗೆರೆಯಾಗಿ ಬಿದ್ದು ಇಡೀ ಗುಡಿಗೆ ಯಾರೋ ಶಾಯಿಯಲ್ಲಿ ರೂಪುರೇಖೆ ಎಳೆದಂತಾಗುತ್ತದೆ. ಆನಿಮೇಷನ್ ಸ್ಟುಡಿಯೊದಲ್ಲಿ ಹಿನ್ನೆಲೆ ಬರೆಯುವ ಕಲಾವಿದ ಯಾರಾದರೂ ಇಲ್ಲಿಗೆ ಬಂದು ಒಂದು ಸಂಜೆ ಸುಮ್ಮನೆ ಕೂತು ನೋಡಬೇಕು.

ಅವನ ಕೆಲಸಕ್ಕೆ ಕಾದಿರುವವರು ಆಗಲೇ ಕಟ್ಟೆಯ ಮೇಲೆ ಕೂತಿದ್ದಾರೆ. ನಾಲ್ಕೈದು ಹುಡುಗರು, ಒಂದು ಫೋನು, ಅದರ ಗಾಜಿಗೆ ಅಡ್ಡಡ್ಡ ಬಿರುಕು. ಆ ಬಿರುಕಿನ ಹಿಂದೆ ನರಸಿಂಹ ಕಂಬ ಸೀಳಿ ಬರುತ್ತಿದ್ದಾನೆ.

"ಇಲ್ಲಿ ನಿಲ್ಲಸಲೇ. ಕೇಸರ ನೋಡು, ಒಂದೊಂದ ಕೂದಲ ಬ್ಯಾರೆ ಬ್ಯಾರೆ ಹಾರತೈತಿ."

"ಮುಂದಿನದು ಪರಶುರಾಮ. ಇದರಪ್ಪನಂಗ ಇರಬೇಕು."

"ಜೋರ್ ಏನ ಇರತೈತಿ ಬಿಡು. ಮಾರಿ ಚಂದ ಬರೀಬೇಕು. ಇದರಾಗ ಮನಷ್ಯಾರ ಮಾರಿ ಗೇಮಿನ್ಯಾಗ ಇದ್ದಂಗ ಅದಾವು."

ಮೂರನೆಯವನ ಮಾತಿಗೆ ನನ್ನದೂ ಒಪ್ಪಿಗೆ. ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ, ಕ್ಲೀಂ ಪ್ರೊಡಕ್ಷನ್ಸ್ ತಯಾರಿಸಿದ, ಅಶ್ವಿನ್ ಕುಮಾರ್ ನಿರ್ದೇಶನದ 'ಮಹಾವತಾರ ನರಸಿಂಹ' 2025ರ ಜುಲೈ 25ರಂದು ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಬಂತು. ಚಿತ್ರಮಂದಿರದೊಳಗೆ ಜನ ಕೈಮುಗಿದರು, ಭಜನೆ ಹೇಳಿದರು. ಭಾರತದಲ್ಲಿ ತಯಾರಾದ ಆನಿಮೇಷನ್ ಚಿತ್ರವೊಂದಕ್ಕೆ ಅಷ್ಟು ದುಡ್ಡು ಹಿಂದೆಂದೂ ಬಂದಿರಲಿಲ್ಲ. ಆದರೂ ಮೊದಲರ್ಧದಲ್ಲಿ ಕಯಾದು ಅಳುವಾಗ, ಹಿರಣ್ಯಕಶಿಪು ಗದರುವಾಗ ಚರ್ಮದ ಕೆಳಗೆ ಮಾಂಸವಿಲ್ಲದ ಒಂದು ಬಿಗಿ ಕಾಣುತ್ತಿತ್ತು. ಕೊನೆಗೆ ನರಸಿಂಹ ಬಂದ, ಎಲ್ಲ ಮಾಫಿ. ಸಿಂಹದ ಮುಖದಲ್ಲಿ ತಪ್ಪು ಹುಡುಕಲು ಯಾರಿಗೂ ಪುರುಸೊತ್ತಿರಲಿಲ್ಲ.

ಈ ಸರಣಿ 2037ರವರೆಗೆ ಏಳು ಚಿತ್ರಗಳದ್ದು ಎಂದು ಘೋಷಣೆಯಾಗಿದೆ. ಎರಡನೆಯದು ಪರಶುರಾಮನ ಕಥೆ, 2027ಕ್ಕೆ. ಮುಂದೇನಾಗುತ್ತದೆ ಎಂದು ಕೇಳುವವರು ಈ ಸೀಮೆಯಲ್ಲಿ ಒಬ್ಬರೂ ಸಿಗಲಾರರು. ಕಥೆ ಎಲ್ಲರಿಗೂ ಗೊತ್ತು, ತೊಟ್ಟಿಲಲ್ಲಿದ್ದಾಗಿನಿಂದ ಗೊತ್ತು. ಹೇಗೆ ತೋರಿಸುತ್ತಾರೆ ಎಂಬುದೊಂದೇ ಕುತೂಹಲ. ಹಾವೇರಿ ಕಡೆಯ ಜನಕ್ಕೆ ಪರಶುರಾಮ ಮೊದಲು ವಿಷ್ಣುವಿನ ಅವತಾರ ಅಲ್ಲ, ಎಲ್ಲಮ್ಮನ ಮಗ.

ಭರತ ಹುಣ್ಣಿಮೆ ಹತ್ತಿರ ಬಂದಾಗ ಇಲ್ಲಿನ ರಸ್ತೆಗಳಲ್ಲಿ ನಿಂತು ನೋಡಿದರೆ ಇದು ತಿಳಿಯುತ್ತದೆ. ಹಿಂದೆ ಎತ್ತಿನ ಬಂಡಿ, ಈಗ ಟ್ರ್ಯಾಕ್ಟರ್. ಟ್ರೇಲರಿಗೆ ಗಳ ಬಾಗಿಸಿ ತಾಡಪತ್ರಿ ಹೊದಿಸಿ, ಒಳಗೆ ಹುಲ್ಲು ಹಾಸಿ, ಕಡಕ್ ರೊಟ್ಟಿ ಗಂಟು, ಶೇಂಗಾ ಚಟ್ನಿ ಡಬ್ಬಿ, ಮುದುಕಿಯರು, ಕೂಸುಗಳು. 'ಉಧೋ ಉಧೋ' ಎನ್ನುತ್ತ ಸವದತ್ತಿಯ ಗುಡ್ಡದ ದಾರಿ ಹಿಡಿಯುತ್ತಾರೆ. ಹೊಸ್ತಿಲ ಹುಣ್ಣಿಮೆಗೆ ಜಮದಗ್ನಿ ಸತ್ತು ಎಲ್ಲಮ್ಮ ವಿಧವೆಯಾದಳು, ಭರತ ಹುಣ್ಣಿಮೆಗೆ ಮತ್ತೆ ಮುತ್ತೈದೆಯಾದಳು ಎಂಬುದು ನಂಬಿಕೆ. ಒಂದಕ್ಕೆ ರಂಡಿ ಹುಣ್ಣಿಮೆ ಎಂದೂ ಇನ್ನೊಂದಕ್ಕೆ ಮುತ್ತೈದಿ ಹುಣ್ಣಿಮೆ ಎಂದೂ ಹೆಸರು. ಚಿತ್ರಕಥೆಯ ಅರ್ಧಭಾಗ ಈ ಟ್ರೇಲರುಗಳಲ್ಲೇ ವರ್ಷಾ ವರ್ಷಾ ಗುಡ್ಡಕ್ಕೆ ಹೋಗಿಬರುತ್ತದೆ.

ಆ ಕಥೆಯಲ್ಲಿ ಒಂದು ಕೊಡ ಇದೆ. ಹುಡುಗರಿಗಿಂತ ಅವರ ಅವ್ವಂದಿರಿಗೆ ಅದರದೇ ಚಿಂತೆ. ರೇಣುಕೆ, ಅಂದರೆ ಎಲ್ಲಮ್ಮ, ದಿನಾ ಬೆಳಿಗ್ಗೆ ಮಲಪ್ರಭೆಗೆ ಇಳಿದು ದಂಡೆಯ ಮರಳಿನಿಂದಲೇ ಕೊಡ ಕಟ್ಟುತ್ತಾಳೆ, ಸುಡದ ಕೊಡ. ಹರಿಯುವ ಹಾವನ್ನು ಹಿಡಿದು ಸಿಂಬಿ ಮಾಡಿ ತಲೆಯ ಮೇಲಿಟ್ಟು, ಕೊಡ ಹೊತ್ತು ಗಂಡನ ಪೂಜೆಗೆ ನೀರು ತರುತ್ತಾಳೆ. ಒಂದು ದಿನ ನೀರಾಟವಾಡುವ ಗಂಧರ್ವರನ್ನು ನೋಡುತ್ತಾಳೆ. ಒಂದು ಗಳಿಗೆ ಮನಸ್ಸು ಅತ್ತ ಜಾರುತ್ತದೆ. ಅಂದು ಮರಳು ಕೊಡವಾಗುವುದಿಲ್ಲ, ಹಾವು ಸಿಂಬಿಯಾಗುವುದಿಲ್ಲ.

ಪುರಾಣದಲ್ಲಿ ಆನಿಮೇಷನ್ನಿಗೇ ಹುಟ್ಟಿದಂಥ ದೃಶ್ಯ ಇದಕ್ಕಿಂತ ಬೇರೆ ಇದ್ದರೆ ನನಗಂತೂ ಹೊಳೆಯುತ್ತಿಲ್ಲ. ನಟಿಯೊಬ್ಬಳ ತಲೆಯ ಮೇಲೆ ಇಂಥ ಕೊಡ ಹೊರಿಸಿದರೆ ಅದು ಬಣ್ಣ ಬಳಿದ ಥರ್ಮೊಕೋಲು ಎಂದು ಯಾರಿಗಾದರೂ ಗೊತ್ತಾಗುತ್ತದೆ. ಬರೆದ ಚಿತ್ರದಲ್ಲಿ ಮಾತ್ರ ಮರಳು ಮರಳಾಗಿಯೇ ಇದ್ದು ಕೊಡವೂ ಆಗಬಲ್ಲದು. ಆದರೆ ಕಂಪ್ಯೂಟರಿನಲ್ಲಿ ತಾಪತ್ರಯ ಕೊಡುವುದೂ ಇದೇ: ನೀರು, ಮರಳು, ಕೂದಲು. ಲಕ್ಷಾಂತರ ಕಣಗಳು ಒಂದಕ್ಕೊಂದು ತಾಗಿ ಜಾರುವ ಲೆಕ್ಕವನ್ನು ಯಂತ್ರ ಹಾಕಬೇಕು, ಸೆಕೆಂಡಿಗೆ 24 ಚಿತ್ರಗಳ ಹಾಗೆ. ಸುಲಭದ ದಾರಿಯೆಂದರೆ ಬಂಗಾರದ ಪುಡಿ ಹೊಳೆಯುವಂತೆ ಮಾಡಿ, ಸುತ್ತ ಬೆಳಕಿನ ಸುಳಿ ತಿರುಗಿಸಿ, ಹಿಂದೆ ಕೋರಸ್ ಹಾಕಿಬಿಡುವುದು. ಹೊಳೆದಂಡೆಯಲ್ಲಿ ಬಟ್ಟೆ ಹಿಂಡುತ್ತಿದ್ದ ಹೆಣ್ಣುಮಗಳೊಬ್ಬಳ ಮುಂದೆ ಈ ಮಾತು ಬಂದಾಗ ಅವಳು ತಲೆ ಎತ್ತದೆ ಹೇಳಿದಳು: "ಹೊಳೀಬಾರದ್ರೀ ಅದು. ಹಸಿ ಉಸುಕು ಹೊಳೀತೈತೇನು? ಕರ್ರಗ ಇರತೈತಿ. ಒಣಗಿದ್ದ ಕಡೆ ಬೆಳ್ಳಗ ಆಕ್ಕೋಂತ ಬರತೈತಿ. ಹಂಗ ಇರಬೇಕು." ಕಲಾ ನಿರ್ದೇಶಕನಿಗೆ ಕೊಡಬೇಕಾದ ಟಿಪ್ಪಣಿ ಇಷ್ಟೇ. ಕೊಡದ ಬಾಯಂಚು ಬಿಸಿಲಿಗೆ ಬೆಳ್ಳಗಾಗುತ್ತ ಬಂದರೆ ಸಾಕು, ಅವಳು ಮನೆ ಮುಟ್ಟುತ್ತಾಳೋ ಇಲ್ಲವೋ ಎಂದು ಚಿತ್ರಮಂದಿರವೇ ಉಸಿರು ಹಿಡಿಯುತ್ತದೆ.

ಈ ಸೀಮೆಯವರು ಈ ಕಥೆಯನ್ನು ಕಣ್ಣಿಂದಲೂ ನೋಡಿದ್ದಾರೆ. ಚೌಡಿಕೆಯ ತಂತಿ ಮಿಡಿಯುತ್ತ, ತಲೆಯ ಮೇಲೆ ಕೊಡ ನಿಲ್ಲಿಸಿ ಕೈಬಿಟ್ಟು ಕುಣಿಯುವ ಜೋಗತಿಯರನ್ನು, ರಾತ್ರಿಯಿಡೀ ಆಡುವ ಎಲ್ಲಮ್ಮನಾಟವನ್ನು ಇಲ್ಲಿನ ಹಳೆಯ ತಲೆಮಾರು ಬಲ್ಲದು. ಜೋಗತಿ ನೃತ್ಯಕ್ಕೆ 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿ ಇದೇ ಕಥೆಯನ್ನು ಹಾಡಿ ಆಡಿದವರು. ಅಲ್ಲಿ ಮರಳೂ ಇಲ್ಲ, ಮಲಪ್ರಭೆಯೂ ಇಲ್ಲ. ಕಲಾವಿದೆಯ ಕತ್ತು ಕೂದಲೆಳೆಯಷ್ಟು ಓರೆಯಾದರೆ ಕೊಡ ಒಡೆಯಿತು ಎಂದು ನೋಡುವವರಿಗೆ ತಿಳಿಯುತ್ತದೆ. ತೆರೆಯ ಮೇಲಿನ ರೇಣುಕೆ ಸ್ಪರ್ಧಿಸಬೇಕಾದದ್ದು ಹಾಲಿವುಡ್ಡಿನ ಜೊತೆಗಲ್ಲ, ಆ ಕತ್ತಿನ ಜೊತೆಗೆ.

ಇನ್ನು ದೇವರ ಮುಖದ ಮಾತು. ಪ್ರತಿ ಕಾಲವೂ ತನ್ನ ಮುಖ ತಾನೇ ಬರೆದುಕೊಂಡಿದೆ, ನರಸಿಂಹನನ್ನೇ ತೆಗೆದುಕೊಳ್ಳಿ. ಬಾದಾಮಿಯ ಮೂರನೆಯ ಗುಹೆಯಲ್ಲಿ, ಕ್ರಿ.ಶ. 578ರ ಕೆಲಸದಲ್ಲಿ, ಅವನು ನಿರಾಳವಾಗಿ ನಿಂತಿದ್ದಾನೆ. ಕರುಳು ಬಗೆಯುವ ಧಾವಂತ ಯಾವುದೂ ಇಲ್ಲ. ಅದೇ ಗುಹೆಯಲ್ಲಿ ಭೂದೇವಿಯನ್ನು ಎತ್ತಿದ ವರಾಹ, ಚಾಲುಕ್ಯರ ಲಾಂಛನ. ಗಳಗನಾಥದ ನೀರು ಕೆಳಗೆ ಹರಿದು ಹಂಪಿ ಮುಟ್ಟಿದರೆ ಅಲ್ಲಿ 1528ರಲ್ಲಿ ಕೃಷ್ಣದೇವರಾಯ ಒಂದೇ ಬಂಡೆಯಲ್ಲಿ ಕಡೆಸಿದ ನರಸಿಂಹ, ಸುಮಾರು 22 ಅಡಿ ಎತ್ತರ. ತೊಡೆಯ ಮೇಲಿದ್ದ ಲಕ್ಷ್ಮಿ ಒಡೆದುಹೋದ ಮೇಲೆ ಉಳಿದದ್ದು ಆ ದೊಡ್ಡ ಕಣ್ಣುಗುಡ್ಡೆ. ಜನ ಅವನನ್ನು ಉಗ್ರನರಸಿಂಹ ಎಂದು ಕರೆದರು. 2025ರ ತೆರೆಯವನಿಗೆ ಸ್ನಾಯುಗಳು ಜಾಸ್ತಿ, ಬೆಂಕಿಯ ಕಿಡಿ ಜಾಸ್ತಿ. ಮೂವರಲ್ಲಿ ಬಾದಾಮಿಯವನೇ ನನಗೆ ಹೆಚ್ಚು ಭಯ ಹುಟ್ಟಿಸುತ್ತಾನೆ. ಏನೂ ಅವಸರವಿಲ್ಲದವನ ಭಯವೇ ಬೇರೆ.

ಇಷ್ಟೊಂದು ಆಕಾರಗಳು ಮನೆಯಲ್ಲೇ ಇರುವಾಗ ನಮ್ಮ ಆನಿಮೇಷನ್ ಯಾಕೆ ವಿಡಿಯೊ ಗೇಮಿನ ಕಡೆ ನೋಡಬೇಕು? ಐರ್ಲೆಂಡಿನ ಒಂದು ಸಣ್ಣ ಸ್ಟುಡಿಯೊ 2009ರಲ್ಲಿ 'ದಿ ಸೀಕ್ರೆಟ್ ಆಫ್ ಕೆಲ್ಸ್' ಮಾಡಿತು. ಸಾವಿರದಿನ್ನೂರು ವರ್ಷ ಹಳೆಯ ತಮ್ಮ ಹಸ್ತಪ್ರತಿಯ ಬಳ್ಳಿ ಸುರುಳಿಗಳನ್ನೇ ಹಿಡಿದು ಕಾಡು, ಮಂಜು, ತೋಳಗಳನ್ನೆಲ್ಲ ಬರೆದರು. ಆಳ ಅಗಲದ ಭ್ರಮೆ ಬೇಕಾಗಲಿಲ್ಲ. ಚಪ್ಪಟೆ ಚಿತ್ರವೇ ಆಸ್ಕರ್ ಪಟ್ಟಿಯವರೆಗೆ ಹೋಯಿತು. ಅದಕ್ಕೂ ಬಹಳ ಮುಂಚೆ, 1926ರಲ್ಲಿ, ಜರ್ಮನಿಯ ಲೊಟ್ಟೆ ರೈನಿಗರ್ ಕಪ್ಪು ಕಾಗದ ಕತ್ತರಿಸಿ ಹಿಂದಿನಿಂದ ದೀಪ ಹಾಕಿ ಅರೇಬಿಯನ್ ನೈಟ್ಸ್ ಕಥೆಗಳಿಂದ ರಾಜಕುಮಾರ ಅಹ್ಮದನ ಚಿತ್ರ ತೆಗೆದಳು. ಇವತ್ತಿಗೂ ಉಳಿದಿರುವ ಆನಿಮೇಷನ್ ಕಥಾಚಿತ್ರಗಳಲ್ಲಿ ಅದೇ ಅತಿ ಹಳೆಯದು.

ದೀಪದ ಮುಂದೆ ಗೊಂಬೆ ಆಡಿಸಿ ಕಥೆ ಹೇಳುವುದು ತುಂಗಭದ್ರೆಯ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ. ಇದೇ ಹೊಳೆಯ ಕೆಳಗಿನ ಕೊಪ್ಪಳ ಸೀಮೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ವಯಸ್ಸು 96. ತೊಗಲುಗೊಂಬೆಯಲ್ಲಿ ನೆರಳು ಕಪ್ಪಲ್ಲ. ಹದ ಮಾಡಿ ತೆಳುವಾದ ತೊಗಲಿಗೆ ಕೆಂಪು, ಹಸಿರು ಬಣ್ಣ ಹಾಕಿ, ಒಡವೆ ಇರುವಲ್ಲಿ ಸಣ್ಣ ಸಣ್ಣ ತೂತು ಕೊರೆದಿರುತ್ತಾರೆ. ಹಿಂದೆ ದೀಪ ಹಚ್ಚಿದ ಕೂಡಲೆ ಬಣ್ಣ ತೆರೆಗೆ ಇಳಿಯುತ್ತದೆ, ಸರ ಬೆಳಗುತ್ತದೆ. ಕರ್ನಾಟಕದಲ್ಲಿ ಒಂದೇ ತೊಗಲಿನಲ್ಲಿ ಇಡೀ ದೃಶ್ಯ, ನಾಲ್ಕಾರು ಪಾತ್ರ, ಮರ, ಸಿಂಹಾಸನ ಎಲ್ಲ ಬರೆದ ದೊಡ್ಡ ಗೊಂಬೆಗಳೂ ಉಂಟು. ಪರಶುರಾಮನ ವೈರಿ ಕಾರ್ತವೀರ್ಯಾರ್ಜುನನ ಸಾವಿರ ತೋಳು ಎಂದಾಗ ಯಂತ್ರದ ಕಲಾವಿದ ಒಂದೊಂದು ತೋಳಿಗೂ ಮೂಳೆ, ಕೀಲು ಜೋಡಿಸುತ್ತ ಕೂರುತ್ತಾನೆ. ಗೊಂಬೆಯವರು ಬೀಸಣಿಗೆ ಬಿಡಿಸಿದಂತೆ ತೋಳು ಹರಡಿ ಒಂದೇ ತೊಗಲಿನಲ್ಲಿ ಮುಗಿಸುತ್ತಿದ್ದರು. ನೋಡುವವನು ಎಣಿಸುತ್ತಿರಲಿಲ್ಲ, ನಂಬುತ್ತಿದ್ದ. 'ಪರಶುರಾಮ'ದಲ್ಲಿ ಹಳೆಯ ಕಥೆಯೊಂದನ್ನು ಯಾರಾದರೂ ಯಾರಿಗಾದರೂ ಹೇಳುವ ಭಾಗ ಬಂದರೆ ಅಷ್ಟನ್ನಾದರೂ ತೊಗಲುಗೊಂಬೆಯ ರೀತಿಯಲ್ಲಿ ತೋರಿಸಲಿ ಎಂಬ ಆಸೆ ನನ್ನದು.

ಬಣ್ಣದ ವಿಷಯದಲ್ಲಂತೂ ಈ ಭಾಗದ ಪ್ರೇಕ್ಷಕರಿಗೆ ಮೋಸ ಮಾಡುವುದು ಕಷ್ಟ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಬೆಲೆ ನಿಲ್ಲುವುದು ಖಾರದ ಮೇಲಲ್ಲ, ಕೆಂಪಿನ ಮೇಲೆ. ಖಾರ ಕಮ್ಮಿ, ಮೈಯೆಲ್ಲ ಸುಕ್ಕು, ಬಣ್ಣ ಗಾಢ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕ ಈ ಕಾಯಿಯಿಂದ ತೆಗೆದ ಬಣ್ಣದೆಣ್ಣೆ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ಪ್ರಯೋಗಾಲಯದವರು ಆಸ್ತಾ ಎಂಬ ಮಾಪನದಲ್ಲಿ ಬಣ್ಣ ಅಳೆಯುತ್ತಾರೆ. ಅಳತೆಗಿಂತ ಮುಂಚೆ ದಲಾಲಿ ಅಂಗಡಿಯ ಮುಂದೆ ಕೂತವರ ಕಣ್ಣು ಅಳೆದು ಮುಗಿಸಿರುತ್ತದೆ: ಇದು ಈ ವರ್ಷದ್ದು, ಇದು ಕೋಲ್ಡ್ ಸ್ಟೋರೇಜಿನಿಂದ ಬಂದದ್ದು, ಇದು ಡಬ್ಬಿ, ಇದು ಕಡ್ಡಿ. ಇಂಥವರ ಮುಂದೆ ಪರಶುರಾಮನ ಕೊಡಲಿಯ ರಕ್ತವನ್ನು ಟೊಮ್ಯಾಟೊ ಸಾಸಿನ ಬಣ್ಣದಲ್ಲಿ ತೋರಿಸಿದರೆ ನಗು ಬಂದೀತು. ಕ್ಷತ್ರಿಯರನ್ನು ಕೊಂದ ಕೊಡಲಿ ತೊಳೆದಾಗ ಮಲಪ್ರಭೆಯೇ ಕೆಂಪಾಯಿತೆಂದು ಐಹೊಳೆಯವರು ಹೇಳುತ್ತಾರೆ. ಎಂಥ ಕೆಂಪು? ಮಣ್ಣು ಕಲಸಿದ ಮಳೆಗಾಲದ ಹೊಳೆಯ ಕೆಂಪೋ, ಒಣಗಿ ಕಪ್ಪಿಗೆ ತಿರುಗಿದ ಡಬ್ಬಿಯ ಕೆಂಪೋ? ಎಲ್ಲಮ್ಮನ ಗುಡ್ಡದ ಭಂಡಾರದ ಹಳದಿ ಅದರ ಪಕ್ಕದಲ್ಲಿ ಬಂದರೆ ಇಡೀ ಚಿತ್ರದ ವರ್ಣಪಟ್ಟಿ ಅಲ್ಲಿಗೇ ಸಿದ್ಧ.

ಬಣ್ಣ ಜೋರಾಗಿದ್ದರೆ ಈ ಕಡೆಯವರು ಬೇಡ ಎನ್ನುವುದಿಲ್ಲ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ದೊಡ್ಡಾಟದ ಹುಚ್ಚು ಹತ್ತಿಸಿಕೊಂಡಿದ್ದ ಕಲಾವಿದ ಟಿ.ಬಿ. ಸೊಲಬಕ್ಕನವರ ಸಿಮೆಂಟಿನಲ್ಲಿ ಕಟ್ಟಿದ ಹಳ್ಳಿಯನ್ನು ನೋಡಿ ಬಂದವರು ಬಲ್ಲರು: ದನ, ಸಂತೆ, ಕುಸ್ತಿ, ಜಗಳ, ಎಲ್ಲಕ್ಕೂ ಢಾಳ ಬಣ್ಣ. ಆದರೂ ಮುಖ ಮುಖಕ್ಕೂ ವ್ಯತ್ಯಾಸ. ಕಟ್ಟೆಯ ಹುಡುಗ ಕೇಳಿದ 'ಮಾರಿ' ಅಲ್ಲಿದೆ.

ಚಿತ್ರವೇ ಇಲ್ಲದೆ ಕಾದ ಕಾಲವೂ ಈ ಊರಿನ ಹೆಸರಿಗೆ ಅಂಟಿಕೊಂಡಿದೆ. ಗಳಗನಾಥ ಎಂಬ ಹೆಸರಲ್ಲಿ ಬರೆದ ವೆಂಕಟೇಶ ತಿರಕೋ ಕುಲಕರ್ಣಿ (1869–1942) ಅಗಡಿಯ ಆನಂದವನದಲ್ಲಿ 'ಸದ್ಬೋಧ ಚಂದ್ರಿಕೆ'ಗೆ ದುಡಿದು, ಕಾದಂಬರಿ ಬರೆದು, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಅವರ ವಿಜಯನಗರ ಹೇಗಿತ್ತು, ವಿದ್ಯಾರಣ್ಯರು ಹೇಗಿದ್ದರು ಎಂದು ಓದುಗರು ತಮ್ಮ ತಮ್ಮ ಪಡಸಾಲೆಯಲ್ಲೇ ಬರೆದುಕೊಂಡರು. ಆ ಓದುಗರ ಮರಿಮಕ್ಕಳು ಈಗ ಫೋನಿನಲ್ಲಿ ಚಿತ್ರ ನಿಲ್ಲಿಸಿ, ಬೆರಳಿನಿಂದ ಹಿಗ್ಗಿಸಿ ಕೇಸರದ ಕೂದಲು ನೋಡುತ್ತಾರೆ. ಮರಿಮಕ್ಕಳಿಗೆ ಕಲ್ಪನೆ ಕಮ್ಮಿ ಎಂದು ಹೇಳುವ ಚಾಳಿ ನನಗಿಲ್ಲ. ಕಟ್ಟೆಯ ಮೇಲಿನ ಒಬ್ಬನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬಾಲ್ ಪೆನ್ನಿನ ಪರಶುರಾಮನಿದ್ದ. ಜಟೆ ಇತ್ತು, ಕೊಡಲಿ ಇತ್ತು, ಕಣ್ಣು ಮಾತ್ರ ಖಾಲಿ ಬಿಟ್ಟಿದ್ದ. ಅವ್ವನ ತಲೆ ಕಡಿದವನ ಕಣ್ಣು ಹೇಗಿರಬೇಕೋ ಗೊತ್ತಾಗಲಿಲ್ಲವಂತೆ.

ವಾದ ಹತ್ತಿದ್ದೂ ಅಲ್ಲಿಗೇ. ಗುಡಿಗೆ ಎಣ್ಣೆ ಹಾಕಲು ಬಂದಿದ್ದ ಅಜ್ಜಿ ನಿಂತು ಚಿತ್ರ ನೋಡಿದಳು.

"ತಲಿ ಕಡಿಯೂದ ತೋರಸ್ತಾರೇನಪಾ ಸಿನಿಮಾದಾಗ?"

"ತೋರಸ್ಲೇಬೇಕಲ್ಲಬೇ ಆಯೀ. ಇಲ್ಲಂದ್ರ ಕತಿನ ಇಲ್ಲ."

"ನಮ್ಮ ಆಟದಾಗ ಎಂದೂ ಕಡದಿಲ್ಲ ನೋಡು. ಕೊಡ್ಲಿ ಎತ್ತತಿದ್ರು, ಪರದೆ ಹಿಡೀತಿದ್ರು, ನಾವು ಅಳತಿದ್ವಿ."

"ಈಗ ಪರದೆ ಹಿಡದ್ರ ಮಂದಿ ರೊಕ್ಕ ವಾಪಸ್ ಕೇಳ್ತಾರ."

"ಕೇಳ್ಲಿ. ಹೊಳ್ಳಿ ಕೊಡ್ಲಿ," ಎಂದು ಆಯಿ ಎಣ್ಣೆ ಬಟ್ಟಲು ಹಿಡಿದು ಒಳಗೆ ಹೋದಳು. ಹುಡುಗರು ಮತ್ತೆ ಶುರು ಹಚ್ಚಿಕೊಂಡರು: ಕೊಡಲಿಯ ಹಿಡಿ ಕಟ್ಟಿಗೆಯದೋ, ಕಬ್ಬಿಣದ್ದೋ?