ಕಲ್ಯಾಣದ ಅಂಚೆ ಕಚೇರಿಯಿಂದ ಫಿಲಡೆಲ್ಫಿಯಾಕ್ಕೆ

ಡೊಂಬಿವಲಿ, ಥಾಣೆಯ ನಮ್ಮ ಕನ್ನಡಿಗರಿಗೆ ಕಲ್ಯಾಣವೆಂದರೆ ಊರಿಗೆ ಹೋಗುವ ಗಾಡಿ ಹಿಡಿಯುವ ಜಂಕ್ಷನ್. ಭಾರತದ ಮೊದಲ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ಬಂತು. ಮರುವರ್ಷವೇ ಹಳಿ ಕಲ್ಯಾಣವನ್ನು ಮುಟ್ಟಿತು. ರೈಲು, ಅಂಚೆ ಎರಡೂ ಬಂದಿದ್ದ ಆ ಊರಿನಲ್ಲಿ 1865ರ ಮಾರ್ಚ್ 31ರಂದು ಯಮುನಾ ಎಂಬ ಹುಡುಗಿ ಹುಟ್ಟಿದಳು. ಸಿರಿತನ ಕರಗಿಹೋಗಿದ್ದ ಜೋಶಿ ಮನೆತನ ಆಕೆಯದು. ಒಂಬತ್ತನೇ ವಯಸ್ಸಿಗೆ ಮದುವೆಯಾಯಿತು. ವರ ಗೋಪಾಳರಾವ್ ಜೋಶಿ ಅಂಚೆ ಇಲಾಖೆಯ ಗುಮಾಸ್ತ, ವಿಧುರ. ವಯಸ್ಸಿನಲ್ಲಿ ಸುಮಾರು ಇಪ್ಪತ್ತು ವರ್ಷ ಹಿರಿಯ. ಮದುವೆಯಲ್ಲಿ ಇಟ್ಟ ಹೆಸರು ಆನಂದಿ.

ಅಮೆರಿಕದಲ್ಲಿ ವೈದ್ಯಕೀಯ ಪದವಿ ಪಡೆದ ಭಾರತದ ಮೊದಲ ಮಹಿಳೆ ಎಂದು ಆನಂದಿಬಾಯಿಯ ಹೆಸರನ್ನು ಶಾಲೆಯಲ್ಲಿ ಕಲಿತವರು ಅನೇಕರಿದ್ದಾರೆ. ಆಕೆ ಯಾಕೆ ಹೋದಳು, ಹೋಗುವಾಗ ಏನನ್ನು ಬಿಟ್ಟುಕೊಡಲಿಲ್ಲ ಎಂಬುದು ನನಗೆ ಆ ‘ಮೊದಲ’ ಪಟ್ಟಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಹದಿನಾಲ್ಕನೇ ವಯಸ್ಸಿನ ಹೊತ್ತಿಗೆ ಆಕೆಗೆ ಗಂಡುಮಗು ಹುಟ್ಟಿತು. ತಕ್ಕ ಚಿಕಿತ್ಸೆ ಸಿಗದೆ ಹತ್ತೇ ದಿನಕ್ಕೆ ತೀರಿಕೊಂಡಿತು. ಆ ಕಾಲದಲ್ಲಿ ಬಾಣಂತಿಯ ಕೋಣೆಗೆ ಸೂಲಗಿತ್ತಿ ಬರುತ್ತಿದ್ದಳು, ವೈದ್ಯ ಬರುತ್ತಿರಲಿಲ್ಲ. ಗಂಡಸಿನ ಮುಂದೆ ಕಾಯಿಲೆ ಹೇಳಿಕೊಳ್ಳುವುದಕ್ಕಿಂತ ಸಾಯುವುದೇ ಲೇಸೆಂದುಕೊಂಡ ಹೆಂಗಸರ ನಡುವೆ ಆಕೆ ಬೆಳೆದಿದ್ದಳು. ಮಗುವನ್ನು ಕಳೆದುಕೊಂಡ ಸಂಕಟದಲ್ಲೇ ತಾನು ವೈದ್ಯೆಯಾಗಬೇಕೆಂಬ ಹಟ ಮೂಡಿತು.

ಓದಿಸಿದವರು ಗೋಪಾಳರಾಯರೇ. ಅಡುಗೆಮನೆಯಲ್ಲಿ ಕೂತರೆ ರೇಗುತ್ತಿದ್ದ, ಪುಸ್ತಕ ಹಿಡಿಯಲಿಲ್ಲವೆಂದು ಕೈಮಾಡುತ್ತಿದ್ದ ಗಂಡ ಆತ. ಹತ್ತು ವರ್ಷದವಳಾಗಿದ್ದಾಗ ಕಟ್ಟಿಗೆಯಿಂದ ಹೊಡೆದದ್ದನ್ನೂ ಹನ್ನೆರಡರಲ್ಲಿ ಕುರ್ಚಿ ಎಸೆದದ್ದನ್ನೂ ಆಕೆ ಮುಂದೆ ಅಮೆರಿಕದಿಂದ ಬರೆದ ಪತ್ರದಲ್ಲಿ ಅವರಿಗೇ ನೆನಪಿಸಿದಳು. ಹೆಂಡತಿಯನ್ನು ಓದಿಸಿದ ಮಹಾನುಭಾವ ಎಂದಷ್ಟೇ ಅವರನ್ನು ಹೊಗಳುವವರು ಈ ಪತ್ರವನ್ನು ಮರೆಯಬಾರದು.

ಆದರೆ ದಾರಿ ತೆರೆದದ್ದು ಅವರು ಬರೆದ ಕಾಗದದಿಂದ ಎಂಬುದೂ ನಿಜ. ಅವರು ರಾಯಲ್ ವೈಲ್ಡರ್ ಎಂಬ ಅಮೆರಿಕನ್ ಮಿಶನರಿಗೆ, ಹೆಂಡತಿಗೆ ಅಮೆರಿಕದಲ್ಲಿ ಓದುವ ಅನುಕೂಲವಾದೀತೇ ಎಂದು ಕೇಳಿ ಬರೆದರು. ಕ್ರೈಸ್ತರಾದರೆ ಸಹಾಯ ಮಾಡಬಹುದು ಎಂಬ ಉತ್ತರ ಬಂತು. ದಂಪತಿ ಒಪ್ಪಲಿಲ್ಲ. ವೈಲ್ಡರ್ ಆ ಪತ್ರವ್ಯವಹಾರವನ್ನು ತಮ್ಮ ಪತ್ರಿಕೆಯಲ್ಲಿ ಅಚ್ಚುಹಾಕಿದರು. ನ್ಯೂಜೆರ್ಸಿಯ ರೋಸೆಲ್ ಎಂಬ ಊರಿನ ಥಿಯೊಡಿಸಿಯಾ ಕಾರ್ಪೆಂಟರ್ ಎಂಬ ಗೃಹಿಣಿ ದಂತವೈದ್ಯರ ಬಳಿ ಸರದಿ ಕಾಯುತ್ತಾ ಅದನ್ನು ಓದಿ, ಮನ ಕರಗಿ, ಆನಂದಿಗೆ ನೇರವಾಗಿ ಬರೆದರು. ಅಂಚೆ ಗುಮಾಸ್ತನ ಹೆಂಡತಿಗೂ ಆ ಗೃಹಿಣಿಗೂ ಕಾಗದದ ಮೇಲೆಯೇ ಅಕ್ಕತಂಗಿಯರ ನಂಟು ಬೆಳೆಯಿತು.

ಗೋಪಾಳರಾಯರಿಗೆ ಬಂಗಾಳದ ಶ್ರೀರಾಮಪುರಕ್ಕೆ ವರ್ಗವಾಗಿತ್ತು. ಹೆಂಗಸೊಬ್ಬಳು ಒಂಟಿಯಾಗಿ ಕಡಲು ದಾಟುತ್ತಾಳೆಂಬ ಸುದ್ದಿಗೆ ಸುತ್ತಲಿನವರು ಕೆರಳಿದರು. ಆಗ, 1883ರ ಆರಂಭದಲ್ಲಿ, ಶ್ರೀರಾಮಪುರ ಕಾಲೇಜಿನ ಸಭಾಂಗಣದಲ್ಲಿ ಆ ಹದಿನೇಳರ ಹುಡುಗಿ ತಾನೇ ಎದ್ದು ಇಂಗ್ಲಿಷಿನಲ್ಲಿ ಮಾತಾಡಿದಳು. ಈ ದೇಶಕ್ಕೆ ವೈದ್ಯೆಯರು ಬೇಕು, ಅದಕ್ಕಾಗಿ ಹೋಗುತ್ತೇನೆ. ಹಿಂದೂವಾಗಿ ಹೋಗಿ ಹಿಂದೂವಾಗಿಯೇ ಮರಳುತ್ತೇನೆ, ಬಹಿಷ್ಕಾರಕ್ಕೆ ಅಂಜುವುದಿಲ್ಲ ಎಂಬುದು ಆ ಭಾಷಣದ ತಿರುಳು. ಇದನ್ನು ಬರಿಯ ಸಂಪ್ರದಾಯನಿಷ್ಠೆ ಎಂದು ಓದಿದರೆ ಅರ್ಧವಷ್ಟೇ ತಿಳಿಯುತ್ತದೆ. ಮತ ಬಿಟ್ಟು ಬಂದವಳಿಗೆ ಕಲ್ಯಾಣದ ಯಾವ ಬಾಣಂತಿಯ ಕೋಣೆಯ ಬಾಗಿಲೂ ತೆರೆಯುತ್ತಿರಲಿಲ್ಲ. ಅವರಂತೆಯೇ ಉಟ್ಟು, ಉಂಡು, ಅವರ ಮಾತಿನಲ್ಲೇ ನೋವು ವಿಚಾರಿಸುವವಳು ಬೇಕಿತ್ತು. ತನ್ನ ಕಸುಬಿಗೆ ಏನು ಬೇಕೆಂಬ ಸ್ಪಷ್ಟ ಅರಿವು ಆ ಮಾತಿನಲ್ಲಿದೆ.

ಫಿಲಡೆಲ್ಫಿಯಾದಲ್ಲಿ 1850ರಿಂದ ಇದ್ದ ಪೆನ್ಸಿಲ್ವೇನಿಯಾ ಮಹಿಳಾ ವೈದ್ಯಕೀಯ ಕಾಲೇಜಿನ ಡೀನ್ ರೇಚೆಲ್ ಬಾಡ್ಲಿ ಆಕೆಯನ್ನು ಸೇರಿಸಿಕೊಂಡರು. ಚಳಿಗೆ ಒಂಬತ್ತು ಗಜದ ಸೀರೆ ತಡೆಯದೆ ಗುಜರಾತಿ ರೀತಿಯಲ್ಲಿ ಉಡಲು ಶುರುಮಾಡಿದ ಆಕೆ, ಸೀರೆಯನ್ನೇ ಬಿಡಲಿಲ್ಲ, ಸಸ್ಯಾಹಾರವನ್ನೂ ಬಿಡಲಿಲ್ಲ. ಒಗ್ಗದ ಹವೆ, ಸಾಲದ ಊಟದ ನಡುವೆ ದೇಹ ಸೊರಗಿ ಕ್ಷಯ ಹತ್ತಿತು. ಮಾತು ಉಳಿಸಿಕೊಳ್ಳಲು ಆಕೆ ತೆತ್ತ ಬೆಲೆ ಸಣ್ಣದಲ್ಲ.

1886ರ ಮಾರ್ಚ್‌ನಲ್ಲಿ ಎಂ.ಡಿ. ಪದವಿ ಬಂತು. ಪ್ರಬಂಧದ ವಿಷಯ ಆರ್ಯ ಹಿಂದೂಗಳಲ್ಲಿ ಪ್ರಸೂತಿಶಾಸ್ತ್ರ. ಆಯುರ್ವೇದದ ಗ್ರಂಥಗಳನ್ನೂ ಅಮೆರಿಕದ ಪಠ್ಯಗಳನ್ನೂ ಒಟ್ಟಿಗಿಟ್ಟು ಬರೆದದ್ದು ಅದು. ಸೂಲಗಿತ್ತಿಯರ ಕೈಯಲ್ಲಿ ಆಗುತ್ತಿದ್ದ ಅನಾಹುತ ಆಕೆಗೆ ಚೆನ್ನಾಗಿ ಗೊತ್ತಿತ್ತು, ಆದರೂ ತನ್ನ ಜನರ ತಿಳಿವಳಿಕೆಯನ್ನು ಸಾರಾಸಗಟಾಗಿ ತಳ್ಳಿಹಾಕಲಿಲ್ಲ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಅಜ್ಜಿಯಿಂದ ಕಲಿತ ವಿದ್ಯೆಗೆ 2018ರಲ್ಲಿ ಪದ್ಮಶ್ರೀ ಬಂದಾಗ ನನಗೆ ಈ ಪ್ರಬಂಧ ನೆನಪಾಗಿತ್ತು.

ಅಮೆರಿಕದಲ್ಲೇ ಸ್ಪ್ಯಾನಿಷ್ ಮನೆಮಾತಿನ ಜನರ ನಡುವೆ, ನೋವನ್ನು ಹತ್ತಿರದಿಂದ ಕಂಡ ವೈದ್ಯೆಯರ ಇಂಥದೇ ಕಥೆಗಳಿವೆ. ಪೋರ್ಟೊರಿಕೊದಲ್ಲಿ ಹುಟ್ಟಿದ ಆಂಟೋನಿಯಾ ನೊವೆಲ್ಲೊ ಹುಟ್ಟಿನಿಂದಲೇ ದೊಡ್ಡಕರುಳಿನ ಕಾಯಿಲೆ ಅನುಭವಿಸಿ, ಶಸ್ತ್ರಚಿಕಿತ್ಸೆಗೆ ಹದಿನೆಂಟರವರೆಗೆ ಕಾದವರು. 1990ರಲ್ಲಿ ಅಮೆರಿಕದ ಸರ್ಜನ್ ಜನರಲ್ ಆದ ಮೊದಲ ಮಹಿಳೆ, ಮೊದಲ ಹಿಸ್ಪಾನಿಕ್ ಅವರೇ. ಪೋರ್ಟೊರಿಕೊ ಮೂಲದವರೇ ಆದ ಹೆಲೆನ್ ರೊಡ್ರಿಗೇಸ್ ಟ್ರೀಯಾಸ್ ಅವರದು ಇನ್ನೂ ಗಟ್ಟಿಯಾದ ಉದಾಹರಣೆ. ಆ ದ್ವೀಪದಲ್ಲಿ ಮೂರನೇ ಒಂದು ಪಾಲು ತಾಯಂದಿರಿಗೆ ಸಂತಾನಹರಣ ಚಿಕಿತ್ಸೆಯಾಗಿತ್ತೆಂದು 1965ರ ಸಮೀಕ್ಷೆ ಹೇಳಿತ್ತು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಮಕ್ಕಳ ವೈದ್ಯೆಯಾಗಿದ್ದ ಅವರು, ಒಪ್ಪಿಗೆಯಿಲ್ಲದ ಇಂಥ ಚಿಕಿತ್ಸೆಗಳ ವಿರುದ್ಧ ಎಪ್ಪತ್ತರ ದಶಕದಲ್ಲಿ ಹೋರಾಡಿ ಸರ್ಕಾರ ನಿಯಮ ಮಾಡುವಂತೆ ಮಾಡಿದರು. ಅಮೆರಿಕದ ಸಾರ್ವಜನಿಕ ಆರೋಗ್ಯ ಸಂಘಕ್ಕೆ ಅಧ್ಯಕ್ಷೆಯಾದ ಮೊದಲ ಲ್ಯಾಟಿನಾ ಕೂಡ ಅವರೇ. ತಮ್ಮ ಜನರ ನೋವನ್ನು ಮನೆಯೊಳಗಿನಿಂದ ಕಂಡವರು ಆಸ್ಪತ್ರೆಯ ಚುಕ್ಕಾಣಿ ಹಿಡಿದಾಗ, ಬೇರೆಯವರ ಕಣ್ಣಿಗೆ ಬೀಳದ ಅನ್ಯಾಯ ಅವರಿಗೆ ಕಾಣುತ್ತದೆ.

ಆನಂದಿಬಾಯಿಗೆ ಅಂಥ ಆಯುಷ್ಯ ಸಿಗಲಿಲ್ಲ. ಕೊಲ್ಹಾಪುರ ಸಂಸ್ಥಾನ ಆಕೆಯನ್ನು ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಮಹಿಳಾ ವಿಭಾಗದ ಮುಖ್ಯ ವೈದ್ಯೆಯಾಗಿ ನೇಮಿಸಿತ್ತು. 1886ರ ಕೊನೆಗೆ ಊರಿಗೆ ಮರಳಿದ ಆಕೆ ಆ ಹುದ್ದೆಯಲ್ಲಿ ಕೂರುವ ಮೊದಲೇ, 1887ರ ಫೆಬ್ರುವರಿ 26ರಂದು ಪುಣೆಯಲ್ಲಿ ಕಣ್ಣುಮುಚ್ಚಿದಳು. ಇನ್ನೂ ಇಪ್ಪತ್ತೆರಡು ತುಂಬಿರಲಿಲ್ಲ. ನಮ್ಮ ನಿಪ್ಪಾಣಿಗೆ ಅಷ್ಟು ಹತ್ತಿರದ ಊರು ಕೊಲ್ಹಾಪುರ. ಆಕೆ ಬದುಕಿದ್ದರೆ ಆ ಕಡೆಯ ಕನ್ನಡದ ಹೆಂಗಸರೂ ಅವಳ ಕೈಗುಣ ಕಾಣುತ್ತಿದ್ದರು.

ಕಾಲೇಜಿಗೆ ಸೇರಿಸಿಕೊಳ್ಳಿ ಎಂದು ಆಕೆ ಬರೆದ ಅರ್ಜಿ ಇವತ್ತಿಗೂ ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ದಾಖಲೆ ಸಂಗ್ರಹದಲ್ಲಿದೆ, ಅಂತರ್ಜಾಲದಲ್ಲಿ ಓದಲು ಸಿಗುತ್ತದೆ. ಗಂಡಸು ವೈದ್ಯನಿಂದ ಚಿಕಿತ್ಸೆ ಪಡೆಯುವುದಕ್ಕಿಂತ ಸಾವನ್ನೇ ಆರಿಸಿಕೊಳ್ಳುವ ತನ್ನ ನಾಡಿನ ಹೆಣ್ಣುಮಕ್ಕಳಿಗೆ ನೆರವಾಗಬೇಕು ಎಂಬುದೊಂದೇ ಅದರಲ್ಲಿ ಆಕೆ ಕೊಟ್ಟ ಕಾರಣ. ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ನಮ್ಮ ಮನೆಗಳಲ್ಲಿ ಎಂ.ಬಿ.ಬಿ.ಎಸ್. ಅಥವಾ ನರ್ಸಿಂಗ್ ಓದುತ್ತಿರುವ ಮಕ್ಕಳಿದ್ದರೆ ಈ ಪತ್ರವನ್ನು ಅವರ ಕೈಗೆ ಕೊಡಿ. ವಾರ್ಡಿನಲ್ಲಿ ಮರಾಠಿ, ಹಿಂದಿ ಬಾರದ ಊರಿನ ಅಜ್ಜಿಯೊಬ್ಬರು ಸಿಕ್ಕರೆ, ಎಲ್ಲಿ ನೋಯುತ್ತದೆ ಎಂದು ಅವರನ್ನು ಕನ್ನಡದಲ್ಲೇ ಕೇಳಲು ಹೇಳಿ.