ಅಂತರ್ಜಾಲ ಪುಟದ ನೆನಪು

ಬಿಜ್ಜರಗಿಯ ರೈತನು ಬೆಳೆಸಾಲಕ್ಕಾಗಿ ತನ್ನ ಹೊಲದ ಪಹಣಿಯನ್ನು ಅಂತರ್ಜಾಲದಲ್ಲಿ ನೋಡಬಯಸಿದರೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಎಂದು ಕ್ರಮವಾಗಿ ಆಯ್ದುಕೊಳ್ಳಬೇಕು. ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿದ ಕರ್ನಾಟಕದ ‘ಭೂಮಿ’ ಯೋಜನೆಯ ಫಲವಿದು. ಹಿಸ್ಸಾ ಆಯುವ ವೇಳೆಗೆ ಪುಟವು ಗ್ರಾಮವನ್ನೇ ಮರೆತರೆ ಶ್ರಮವೆಲ್ಲ ವ್ಯರ್ಥ. ಹಳೆಯ ಗ್ರಾಮವನ್ನೇ ಹಿಡಿದುಕೊಂಡು ಕುಳಿತರೆ ಅನ್ಯರ ಹೊಲದ ಪಹಣಿ ಕೈಸೇರುವುದು. ಅದು ಇನ್ನೂ ಅನರ್ಥಕರ.

ಮರೆವು ಅಂತರ್ಜಾಲಕ್ಕೆ ಹುಟ್ಟುಗುಣ. ಎಚ್‌ಟಿಟಿಪಿ ಎಂಬ ಅದರ ಸಂವಹನ ನಿಯಮದಲ್ಲಿ ಪ್ರತಿಯೊಂದು ಕೋರಿಕೆಯೂ ಸ್ವತಂತ್ರವಾದುದು. ಪಾಣಿನಿಯ ಸೂತ್ರಗಳಲ್ಲಿ ಹಿಂದಿನ ಪದವು ಮುಂದಿನ ಸೂತ್ರಕ್ಕೂ ಅನುವರ್ತಿಸುತ್ತದೆ. ಇಲ್ಲಿ ಅಂತಹ ಅನುವೃತ್ತಿಯಿಲ್ಲ. ಈ ಕೊರತೆಯನ್ನು ನೀಗಲೆಂದೇ 1994ರಲ್ಲಿ ನೆಟ್‌ಸ್ಕೇಪ್‌ನವರು ‘ಕುಕಿ’ಯನ್ನು ತಂದರು.

ಇಂದಿನ ಪುಟಗಳನ್ನು ಬಿಡಿ ಬಿಡಿ ಘಟಕಗಳಿಂದ ಕಟ್ಟುತ್ತಾರೆ. ಮೇಲಿನ ಘಟಕವು ಕೆಳಗಿನದಕ್ಕೆ ಕೊಡುವ ಮೌಲ್ಯವೇ ನಿಯತಾಂಕ. ಘಟಕವು ತಾನೇ ಇಟ್ಟುಕೊಳ್ಳುವುದು ಸ್ಥಿತಿ. 2013ರಲ್ಲಿ ಪ್ರಕಟವಾದ ರಿಯಾಕ್ಟ್‌ನಲ್ಲಿ ಇವಕ್ಕೆ ಪ್ರಾಪ್ಸ್, ಸ್ಟೇಟ್ ಎಂದು ಹೆಸರು. ಗ್ರಾಮಗಳ ಪಟ್ಟಿ ತೋರಿಸುವ ಘಟಕಕ್ಕೆ ‘ತಿಕೋಟಾ’ ಎಂಬುದು ನಿಯತಾಂಕ, ‘ಬಿಜ್ಜರಗಿ’ ಎಂಬ ಆಯ್ಕೆ ಸ್ಥಿತಿ. ಕೊಟ್ಟ ನಿಯತಾಂಕವನ್ನು ಘಟಕವು ತಾನೇ ತಿದ್ದಬಾರದು. ಬ್ಲೇಜರ್‌ನಲ್ಲಿ ಹಾಗೆ ತಿದ್ದಿದರೆ, ಮೇಲಿನ ಘಟಕವು ಪುನಃ ಚಿತ್ರಿತವಾದಾಗ ಆ ತಿದ್ದುಪಡಿ ಅಳಿಸಿಹೋಗಬಹುದು. ತಾಲ್ಲೂಕು ಬಬಲೇಶ್ವರವೆಂದು ಬದಲಾದೊಡನೆ ಬಿಜ್ಜರಗಿಯನ್ನು ಕೈಬಿಡಲೇಬೇಕು. ಈ ವಿಸರ್ಜನೆಯನ್ನು ಮರೆಯುವವರೇ ಹೆಚ್ಚು!

ಬ್ಲೇಜರ್‌ನಲ್ಲಿ ಇನ್ನೊಂದು ತೊಡಕುಂಟು. ಪುಟವು ಬೇಗ ಕಾಣಲೆಂದು ಘಟಕವನ್ನು ಮೊದಲು ಸರ್ವರಿನಲ್ಲಿಯೇ ಸಿದ್ಧಪಡಿಸುತ್ತಾರೆ. ಬಳಕೆದಾರನ ಸ್ಪರ್ಶಕ್ಕೆ ಓಗೊಡುವಂತಾಗಲು ಅದು ಮತ್ತೊಮ್ಮೆ ಜನಿಸಬೇಕು. ದ್ವಿಜನಾದ ಘಟಕಕ್ಕೆ ಪೂರ್ವಜನ್ಮದ ಸ್ಮರಣೆಯಿಲ್ಲ. ತಂದ ಮಾಹಿತಿಯನ್ನೇ ಪುನಃ ತರಹೊರಡುತ್ತದೆ. 2025ರ ಡಾಟ್‌ನೆಟ್ 10ರಲ್ಲಿ ಅಂತಹ ಮೌಲ್ಯಕ್ಕೆ ‘ಪರ್ಸಿಸ್ಟೆಂಟ್ ಸ್ಟೇಟ್’ ಎಂಬ ಅಂಕಿತವನ್ನಿಟ್ಟರೆ ಅದು ಪುಟದೊಡನೆಯೇ ಸಾಗಿಬಂದು ಎರಡನೆಯ ಜನ್ಮದಲ್ಲಿ ದೊರೆಯುತ್ತದೆ.

ಪುಟವನ್ನು ಮರಳಿ ತೆರೆದಾಗಲೂ ಉಳಿಯಬೇಕಾದುದನ್ನು ಎಲ್ಲಿಡಬೇಕು? ತಾಲ್ಲೂಕು, ಗ್ರಾಮಗಳಂಥವು ಪುಟದ ವಿಳಾಸದಲ್ಲಿಯೇ ಇದ್ದರೆ ಲೇಸು. ಆ ವಿಳಾಸವನ್ನು ಮಗನಿಗೆ ಕಳುಹಿಸಿದರೆ ಅವನಿಗೂ ಅದೇ ಪುಟ ತೆರೆಯುತ್ತದೆ. ಬ್ರೌಸರಿನ ಸೆಷನ್ ಸಂಗ್ರಹವು ಆ ಟ್ಯಾಬು ಮುಚ್ಚುವವರೆಗೆ ಇರುತ್ತದೆ. ಲೋಕಲ್ ಸಂಗ್ರಹವು ಅಳಿಸುವವರೆಗೂ ಇರುತ್ತದೆ. ಹತ್ತು ಜನ ಬಳಸುವ ಸೇವಾಕೇಂದ್ರದ ಗಣಕದಲ್ಲಿ ರೈತನ ದೂರವಾಣಿ ಸಂಖ್ಯೆಯನ್ನು ಲೋಕಲ್ ಸಂಗ್ರಹದಲ್ಲಿಟ್ಟರೆ, ಆತ ಊರು ಸೇರಿದ ಮೇಲೂ ಅದು ಅಲ್ಲಿಯೇ ಉಳಿದಿರುತ್ತದೆ.